ಅಮ್ಮನ ಒರಳೂ ಗೋಲ್ಕೊಂಡದ ಬಂಡೆಯೂ

ಒಂದು ಕಲ್ಲಿನ ಸಲುವಾಗಿ ನಮ್ಮ ಮನೆಯಲ್ಲಿ ಎಂಟು ದಿನ ವಾದ ನಡೆಯಿತೆಂದರೆ ನಗುವವರು ನಗಲಿ. ಹೈದರಾಬಾದಿನ ಹಳೆಯ ಮನೆಯನ್ನು ಬಿಟ್ಟು ನಾಲ್ಕನೆಯ ಅಂತಸ್ತಿನ ಫ್ಲ್ಯಾಟಿಗೆ ಹೋಗುವುದೆಂದು ನಿಶ್ಚಯವಾದಾಗ ಹಿತ್ತಿಲಿನ ಒರಳುಕಲ್ಲಿನ ಪ್ರಶ್ನೆ ಎದ್ದಿತು. ಮಗನ ಮಾತು ಸರಳವಾದುದು: "ಮಿಕ್ಸರ್ ಬಂದು ನಲವತ್ತು ವರ್ಷವಾಯಿತು. ಇಂಥ ಕಲ್ಲು ಈ ಊರಿನಲ್ಲಿ ಯಾವ ರಸ್ತೆಯ ಬದಿಯಲ್ಲಾದರೂ ಸಿಗುತ್ತದೆ. ಇದನ್ನು ಲಿಫ್ಟಿನಲ್ಲಿ ಏರಿಸುವವರು ಯಾರು?" ತೊಂಬತ್ತು ದಾಟಿದ ನನ್ನ ತಾಯಿಯ ಮಾತು ಇನ್ನೂ ಸರಳ: "ಇದು ನಮ್ಮ ತವರಿನ ಕಲ್ಲು ಅದ. ನನ್ನ ಸಂಗಟನೇ ರೈಲಿನಾಗ ಬಂದದ."

ಅವರ ತವರು ಬೀದರ ಜಿಲ್ಲೆಯಲ್ಲಿ, ಭಾಲ್ಕಿಯ ಹತ್ತಿರ. ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ, ಬೀದರ, ಗುಲ್ಬರ್ಗಾ, ರಾಯಚೂರುಗಳು ಹೈದರಾಬಾದ್ ರಾಜ್ಯದೊಳಗೇ ಇದ್ದ ಕಾಲದಲ್ಲಿ, ಮದುವೆಯಾಗಿ ಈ ಊರಿಗೆ ಬಂದವರು. ನಮ್ಮ ಅತ್ತಿಗೆಯವರು ಮಾತ್ರ, "ಒರಳನ್ನು ಇಲ್ಲಿಯ ಕಲ್ಲುಕುಟಿಗರಿಂದ ಕೊಂಡದ್ದು, ನಾನೇ ಕಣ್ಣಾರೆ ಕಂಡಿದ್ದೇನೆ" ಎಂದು ಹಟ ಹಿಡಿದರು. ತಾಯಿ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ನಾನು ಭೂವಿಜ್ಞಾನಿಯಲ್ಲ; ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಆದರೂ ಈ ಜಗಳಕ್ಕೆ ಸಾಕ್ಷಿ ಹೇಳಬಲ್ಲದ್ದು ಆ ಕಲ್ಲೊಂದೇ ಎಂದು ನನಗೆ ಹೊಳೆಯಿತು. ಏಕೆಂದರೆ ಹೈದರಾಬಾದಿನ ನೆಲವೂ ಭಾಲ್ಕಿಯ ನೆಲವೂ ಒಂದೇ ಜಾತಿಯವಲ್ಲ. ಇಲ್ಲಿರುವುದು ಗ್ರಾನೈಟ್, ಅಲ್ಲಿರುವುದು ಬಸಾಲ್ಟ್. ಎರಡೂ ಅಗ್ನಿಶಿಲೆಗಳೇ, ಎರಡೂ ಕರಗಿದ ಶಿಲಾಪಾಕ ಆರಿ ಗಟ್ಟಿಯಾಗಿ ಹುಟ್ಟಿದವೇ. ಆದರೆ ಅವುಗಳ ಹುಟ್ಟಿಗೂ ಮೈಕಟ್ಟಿಗೂ ಇರುವ ಅಂತರ ಬಹಳ.

ಈ ಊರಿಗೆ ಹೊಸದಾಗಿ ಬಂದವರು ಗಚ್ಚಿಬೌಲಿ, ಖಾಜಾಗುಡ, ಮೌಲಾ ಅಲಿ ಕಡೆಗಳಲ್ಲಿ ಒಂದರ ಮೇಲೊಂದು ಕುಳಿತ ಬಂಡೆಗಳನ್ನು ನೋಡಿ, "ಇಲ್ಲಿ ಜ್ವಾಲಾಮುಖಿ ಇತ್ತೇನು?" ಎಂದು ಕೇಳುವುದುಂಟು. ಇರಲಿಲ್ಲ. ಈ ಗ್ರಾನೈಟ್ ನೆಲದ ಮೇಲೆ ಹರಿದು ಆರಿದ್ದಲ್ಲ. ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಹಲವು ಮೈಲಿ ಆಳದಲ್ಲಿ, ಹೊದ್ದ ಕಂಬಳಿಯೊಳಗಿನಂತೆ, ನಿಧಾನವಾಗಿ ತಣಿದದ್ದು. ಮೇಲಿನ ಹೊದಿಕೆ ಯುಗಯುಗಗಳಲ್ಲಿ ಸವೆದು ಹೋದ ಮೇಲೆ ಭಾರ ಇಳಿದ ಬಂಡೆ ಬಿರಿಯಿತು. ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ಮೊದಲು ಕೊಳೆಯಿಸಿತು. ಚೌಕದ ತುಂಡಿಗೆ ಮೂಲೆಯಲ್ಲಿ ಮೂರು ಕಡೆಯಿಂದ ಪೆಟ್ಟು, ಅಂಚಿನಲ್ಲಿ ಎರಡು ಕಡೆಯಿಂದ, ಮುಖದಲ್ಲಿ ಒಂದೇ ಕಡೆಯಿಂದ. ಆದುದರಿಂದ ಚೌಕ ಗುಂಡಾಯಿತು. ಕೊಳೆತ ಮಣ್ಣು ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಇದ್ದಲ್ಲೇ ಕುಳಿತವು. ಹಂಪಿಯ ಬಂಡೆಗಳ ಕಥೆಯೂ ಇದೇ. ಯಾರೂ ಉರುಳಿಸಿ ತಂದದ್ದಲ್ಲ, ಪೇರಿಸಿದ್ದೂ ಅಲ್ಲ.

ನಮ್ಮವರಿಗೆ ಸಂತೋಷವಾಗುವ ಸಂಗತಿಯೊಂದು ಇಲ್ಲಿದೆ. ೧೯ನೆಯ ಶತಮಾನದ ಎಂಬತ್ತರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಭಾರತದ ಒಂದು ಪುರಾತನ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನು ಇಟ್ಟನು. ಆ ಹೆಸರು ಬೆಳೆಯುತ್ತ ಬೆಳೆಯುತ್ತ ಈಗ ಇಡೀ ಪ್ರಾಚೀನ ಭೂಖಂಡದ ತುಣುಕಿಗೇ ನಿಂತಿದೆ. ಅದರ ಪೂರ್ವಭಾಗದಲ್ಲಿ ಹೈದರಾಬಾದ್ ಇದೆ. ಅಂದರೆ ಇಲ್ಲಿ ಐವತ್ತು ವರ್ಷ ಬಾಡಿಗೆ ಕೊಟ್ಟವನೂ ಭೂಶಾಸ್ತ್ರದ ಲೆಕ್ಕದಲ್ಲಿ ಧಾರವಾಡದ ಮೇಲೆಯೇ ಮನೆ ಮಾಡಿದ್ದಾನೆ! ನಮ್ಮ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಅಲ್ಲಿಯ ಗ್ರಾನೈಟಿಗೆ ಪುಸ್ತಕಗಳಲ್ಲಿ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರು. ವಯಸ್ಸಿನಲ್ಲಿ ಅದಕ್ಕೂ ಇಲ್ಲಿಯದಕ್ಕೂ ಹೆಚ್ಚು ಭೇದವಿಲ್ಲ.

ಭಾಲ್ಕಿಯ ಕಲ್ಲಿನ ಕಥೆ ಬೇರೆ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾ ಪದರ ಪದರವಾಗಿ ಹರಿಯಿತು. ಈಗ ಉಳಿದಿರುವ ಭಾಗವೇ ಸುಮಾರು ೫ ಲಕ್ಷ ಚದರ ಕಿಲೋಮೀಟರಿನಷ್ಟಿದೆ. ಬೀದರ ಜಿಲ್ಲೆಯೂ ಕಲಬುರಗಿಯ ಬಹುಭಾಗವೂ ಅದರ ಮೇಲಿವೆ. ನಾವು ಊರಿಗೆ ಹೋಗುವ ರೈಲಿನ ಕಿಟಕಿಯಿಂದಲೇ ಈ ಗಡಿಯನ್ನು ನೋಡಬಹುದು. ಲಿಂಗಂಪಲ್ಲಿ ದಾಟುವ ತನಕ ಗುಂಡುಬಂಡೆಗಳು ಜೊತೆಗೆ ಬರುವುವು. ಶಂಕರಪಲ್ಲಿ ಕಳೆದು ವಿಕಾರಾಬಾದಿನ ಕಡೆ ಹೋದಂತೆ ಅವು ಮಾಯವಾಗಿ ಎರೆಮಣ್ಣು, ಕೆಂಪು ಮುರಕಲ್ಲು, ಚಪ್ಪಟೆ ತಲೆಯ ಗುಡ್ಡಗಳು ಬರುವುವು. ಮೂಸಿ ನದಿ ಹುಟ್ಟುವ ಅನಂತಗಿರಿ ಗುಡ್ಡಗಳು ಇಂಥವೇ. ವಾಡಿಯ ದಾರಿ ಹಿಡಿದವರಿಗೆ ತಾಂಡೂರು, ಸೇಡಂ ಬಳಿ ಮೂರನೆಯ ಜಾತಿಯ ಕಲ್ಲು, ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಸಿಗುವುದು. ಅದು ಅಗ್ನಿಶಿಲೆಯಲ್ಲ, ನೀರಿನ ತಳದಲ್ಲಿ ಕೂತ ಸುಣ್ಣಕಲ್ಲು. ಅದನ್ನು ಪುಡಿಮಾಡಿ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಗ್ರಾನೈಟು ಬಸಾಲ್ಟುಗಳು ನಿಂಬೆಹಣ್ಣಿಗೆ ಜಗ್ಗುವುದಿಲ್ಲ.

ಹಾಗಾದರೆ ಅಗ್ನಿಶಿಲೆಯ ಗುರುತು ಹಿಡಿಯುವುದು ಹೇಗೆ? ಕಲ್ಲಿಗೆ ಎರಡೇ ಪ್ರಶ್ನೆ ಕೇಳಬೇಕು. ನಿನ್ನ ಕಣಗಳು ಎಷ್ಟು ದೊಡ್ಡವು? ನಿನ್ನಲ್ಲಿರುವ ಖನಿಜಗಳು ಯಾವುವು? ಮೊದಲನೆಯದರಿಂದ ಅದು ಎಲ್ಲಿ, ಎಷ್ಟು ಬೇಗ ಆರಿತೆಂಬುದು ತಿಳಿಯುವುದು; ಎರಡನೆಯದರಿಂದ ಯಾವ ಪಾಕದಿಂದ ಆಯಿತೆಂಬುದು.

ಕಣದ ಮಾತನ್ನು ಅಡಿಗೆಮನೆಯಲ್ಲೇ ತಿಳಿಯಬಹುದು. ಸಕ್ಕರೆಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಅಲುಗಿಸದೆ ಇಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುವುದು. ಅದೇ ಪಾಕವನ್ನು ಬೇಗ ಆರಿಸಿ ಕೈಯಾಡಿಸಿದರೆ ಸಣ್ಣ ಪುಡಿಯಾಗುವುದು. ಆಳದಲ್ಲಿ ಸಾವಿರಾರು, ಲಕ್ಷಾಂತರ ವರ್ಷ ತಣಿದ ಶಿಲಾಪಾಕದಲ್ಲಿ ಹರಳುಗಳು ಬೆಳೆಯಲು ಬಿಡುವು ದೊರೆತು, ಜೋಳದ ಕಾಳಿನಷ್ಟು, ಕಡಲೆಯಷ್ಟು ದೊಡ್ಡವಾಗುವುವು. ಇದು ಗ್ರಾನೈಟಿನ ಮೈ. ಗಾಳಿಗೆ ಬಂದು ಬೇಗ ಆರಿದ ಲಾವಾದಲ್ಲಿ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು; ಇದು ಬಸಾಲ್ಟಿನ ಮೈ. ಹರಳಾಗುವುದಕ್ಕೂ ಹೊತ್ತು ಸಿಗದೆ ಗಡ್ಡೆ ಕಟ್ಟಿದರೆ ಗಾಜೇ ಆಗುವುದು. ಕೆಲವು ಕಲ್ಲುಗಳಲ್ಲಿ ಕೇಸರಿಬಾತಿನ ಗೋಡಂಬಿಯಂತೆ ಸಣ್ಣ ಕಣಗಳ ನಡುವೆ ದೊಡ್ಡ ಹರಳುಗಳು ಕೂತಿರುತ್ತವೆ. ಪಾಕ ಮೊದಲು ಆಳದಲ್ಲಿ ನಿಧಾನವಾಗಿ ತಣಿದು, ಆಮೇಲೆ ಮೇಲೆದ್ದು ಬೇಗ ಆರಿತು ಎಂದು ಅದರಿಂದ ಊಹಿಸಬಹುದು. ಲಾವಾದೊಳಗಿನ ಅನಿಲ ಹೊರಬರುವಾಗ ಮೈಸೂರುಪಾಕಿನಲ್ಲಿ ಇರುವಂತೆಯೇ ತೂತುಗಳು ಉಳಿಯುತ್ತವೆ. ಕಾಲಾಂತರದಲ್ಲಿ ಆ ತೂತುಗಳಲ್ಲಿ ನೀರು ಸೇರಿ ಬಿಳಿಯ ಜಿಯೊಲೈಟ್, ಸುಣ್ಣದ ಹರಳು, ಅಕೀಕು ತುಂಬುವುದುಂಟು. ಇಂಥ ಬಿಳಿ ಚುಕ್ಕೆಯ ಕರಿಕಲ್ಲು ಬೀದರದ ಕಡೆಯವರಿಗೆ ಹೊಸದಲ್ಲ.

ಗ್ರಾನೈಟಿನೊಳಗೇ ಕಪ್ಪು ಗೋಡೆಯಂತೆ ಅಡ್ಡ ಹಾದ ಕಲ್ಲುಗಳು ಹೈದರಾಬಾದಿನ ಸುತ್ತ ಕಾಣುತ್ತವೆ. ಬಿರುಕಿನಲ್ಲಿ ಕೆಳಗಿನಿಂದ ನುಗ್ಗಿ ಆರಿದ ಡಾಲರೈಟ್ ಅವು. ತಣ್ಣನೆಯ ಗ್ರಾನೈಟಿಗೆ ತಾಗಿದ ಅಂಚಿನಲ್ಲಿ ಕಣ ಸಣ್ಣದು, ನಡುವೆ ಸ್ವಲ್ಪ ದೊಡ್ಡದು. ಒಂದೇ ಕಲ್ಲಿನಲ್ಲಿ ಎರಡು ಬಗೆಯ ತಣಿವನ್ನು ಬೆರಳಿಟ್ಟು ತೋರಿಸಬಹುದಾದ ಇಂಥ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಇನ್ನು ಖನಿಜಗಳು. ಗ್ರಾನೈಟಿನ ಹೊಸದಾಗಿ ಒಡೆದ ಚೂರನ್ನು ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿಯಿರಿ. ಮಳೆಬಿಸಿಲಿಗೆ ಬಿದ್ದ ಹಳೆಯ ಮೈ ನೋಡಿ ಪ್ರಯೋಜನವಿಲ್ಲ. ಅಲ್ಲಿ ಎಲ್ಲ ಕಲ್ಲೂ ಕಂದು ಬಣ್ಣವೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಚೂರನ್ನು ಮೆಲ್ಲನೆ ತಿರುಗಿಸುವಾಗ ಸಣ್ಣ ಕನ್ನಡಿಯಂತೆ ಫಕ್ಕನೆ ಹೊಳೆದು ಆರುವ ಮುಖಗಳು ಕಂಡರೆ ಅದು ಫೆಲ್ಸ್‌ಪಾರ್. ಅದು ಚಪ್ಪಟೆಯಾಗಿ, ಹೆಚ್ಚುಕಡಿಮೆ ಲಂಬಕೋನದಲ್ಲಿ ಸೀಳುವ ಗುಣದ್ದು. ಹೈದರಾಬಾದಿನ ಕಲ್ಲಿಗೆ ಗುಲಾಬಿ ಬಣ್ಣ ಬರುವುದು ಪೊಟ್ಯಾಸಿಯಮ್ ಇರುವ ಫೆಲ್ಸ್‌ಪಾರಿನಿಂದ. ಅದರೊಂದಿಗೆ ಬಿಳಿಯ ಫೆಲ್ಸ್‌ಪಾರೂ ಇರುತ್ತದೆ. ಕೆಲವೊಮ್ಮೆ ಅದರ ಮೈಮೇಲೆ ಮಗ್ಗದ ನೂಲಿನಂಥ ಸಣ್ಣ ಗೆರೆಗಳಿರುತ್ತವೆ. ಇವೆರಡರ ನಡುವೆ ಬೂದು ಬಣ್ಣದ, ಒದ್ದೆ ಗಾಜಿನಂಥ, ಮಿಂಚದ ಕಾಳುಗಳು ಬೆಣಚು. ಅದಕ್ಕೆ ಸೀಳುವ ಗುಣವಿಲ್ಲ. ಒಡೆದ ಸೀಸೆಯ ಅಂಚಿನಂತೆ ಡೊಂಕಾಗಿ ಒಡೆಯುವುದು. ಚಾಕುವಿನ ಮೊನೆ ಬೆಣಚಿನ ಮೇಲೆ ಗೀರಲಾರದು. ಬದಲಾಗಿ ಚಾಕುವಿನ ಲೋಹವೇ ಅದಕ್ಕೆ ಹತ್ತುವುದು. ಕಠಿಣತೆಯ ಅಳತೆಯಲ್ಲಿ ಬೆಣಚಿಗೆ ೭, ಫೆಲ್ಸ್‌ಪಾರಿಗೆ ೬, ಚಾಕುವಿಗೆ ಸುಮಾರು ಐದೂವರೆ. ಇನ್ನು ಕಪ್ಪು ಚುಕ್ಕೆಗಳು. ಸೂಜಿಯಿಂದ ಚುಚ್ಚಿದಾಗ ಹಾಳೆ ಹಾಳೆಯಾಗಿ ಏಳುವುದು ಕಾಗೆಬಂಗಾರ. ಏಳದೆ ಉದ್ದುದ್ದನೆಯ ಕಡ್ಡಿಯಂತಿರುವುದು ಹಾರ್ನ್‌ಬ್ಲೆಂಡ್.

ಬಸಾಲ್ಟಿನಲ್ಲಿ ಬೆಣಚು ಇರುವುದೇ ಇಲ್ಲವೆನ್ನಬಹುದು. ಅದರಲ್ಲಿರುವುದು ಕ್ಯಾಲ್ಸಿಯಮ್ ಇರುವ ಫೆಲ್ಸ್‌ಪಾರ್, ಪೈರಾಕ್ಸೀನ್, ಒಂದಿಷ್ಟು ಕಬ್ಬಿಣದ ಅದಿರು. ಸಿಲಿಕಾದ ಲೆಕ್ಕದಲ್ಲಿ ನೂರಕ್ಕೆ ಗ್ರಾನೈಟಿನಲ್ಲಿ ಸುಮಾರು ೭೦, ಬಸಾಲ್ಟಿನಲ್ಲಿ ಸುಮಾರು ೫೦. ಸಿಲಿಕಾ ಕಡಿಮೆಯಾದಂತೆ ಕಲ್ಲು ಕಪ್ಪಾಗುವುದು, ಭಾರವಾಗುವುದು. ಗ್ರಾನೈಟಿನ ಪಾಕವೇ ನೆಲದ ಮೇಲೆ ಬೇಗ ಆರಿದ್ದರೆ ರಯೊಲೈಟ್. ಬಸಾಲ್ಟಿನ ಪಾಕವೇ ಆಳದಲ್ಲಿ ನಿಧಾನವಾಗಿ ತಣಿದಿದ್ದರೆ ಗ್ಯಾಬ್ರೊ. ನಡುವಿನ ಪಾಕಕ್ಕೆ ಆಳದಲ್ಲಿ ಡಯೊರೈಟ್, ಮೇಲೆ ಆಂಡಿಸೈಟ್. ಇಷ್ಟು ತಿಳಿದರೆ ಮುಖ್ಯ ಹೆಸರುಗಳೆಲ್ಲ ಬಂದಂತೆಯೇ.

ಬಣ್ಣವೊಂದನ್ನೇ ನಂಬಿದವರು ಮೋಸಹೋಗುತ್ತಾರೆ. ಅಡಿಗೆಕಟ್ಟೆಗೆ ಅಂಗಡಿಯವರು ಮಾರುವ 'ಕಪ್ಪು ಗ್ರಾನೈಟ್' ಬಹುಮಟ್ಟಿಗೆ ಗ್ರಾನೈಟೇ ಅಲ್ಲ. ಡಾಲರೈಟೋ ಗ್ಯಾಬ್ರೊವೋ ಆಗಿರುವುದು. ವ್ಯಾಪಾರದಲ್ಲಿ ಹೊಳಪು ಬರುವ ಗಟ್ಟಿ ಕಲ್ಲೆಲ್ಲ ಗ್ರಾನೈಟೇ! ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳನ್ನು ನೋಡಿದವರು ಬಸಾಲ್ಟ್ ಎಂದೇ ಹೇಳಿಬಿಡುತ್ತಾರೆ, ಫಲಕಗಳಲ್ಲೂ ಹಾಗೆ ಬರೆದದ್ದುಂಟು. ಖನಿಜಗಳನ್ನು ಪರೀಕ್ಷಿಸಿದವರು ಅದು ರಯೊಲೈಟ್-ಡಾಸೈಟ್ ಜಾತಿಯದೆಂದು ಕಂಡಿದ್ದಾರೆ. ಬೇಲೂರು ಹಳೆಬೀಡುಗಳ ಕರಿಕಲ್ಲಂತೂ ಅಗ್ನಿಶಿಲೆಯಾಗಿ ಉಳಿದಿಲ್ಲ. ರೂಪಾಂತರ ಹೊಂದಿದ ಮೆದು ಬಳಪದ ಕಲ್ಲು. ಗ್ರಾನೈಟಿನಲ್ಲಿ ಆ ಜಡೆ, ಆ ಬಳೆ ಕೆತ್ತಲು ಯಾರಿಗೆ ಸಾಧ್ಯವಿತ್ತು?

ಗ್ರಾನೈಟನ್ನು ಅದರ ಗುಣಕ್ಕೆ ತಕ್ಕಂತೆ ಉಪಯೋಗಿಸಿದ್ದನ್ನು ನೋಡಬೇಕಾದರೆ ಈ ಊರಿನಲ್ಲೇ ಸುತ್ತಾಡಿದರೆ ಸಾಕು. ಗೋಲ್ಕೊಂಡದ ಕೋಟೆ ಗ್ರಾನೈಟ್ ಗುಡ್ಡದ ಮೇಲಿದೆ. ಎಷ್ಟೋ ಕಡೆ ಗೋಡೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಮೊದಲಾಯಿತು ಎಂದು ಹೇಳಲಾಗದು. ೧೬೧೭ರಲ್ಲಿ ಮೊದಲಿಟ್ಟು ೧೬೯೪ರಲ್ಲಿ ಮುಗಿಸಿದ ಮಕ್ಕಾ ಮಸೀದಿ ಗ್ರಾನೈಟಿನದು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ೧೯೩೯ರಲ್ಲಿ ಉದ್ಘಾಟನೆಯಾದ ಆರ್ಟ್ಸ್ ಕಾಲೇಜಿನ ಕಟ್ಟಡದ ಗುಲಾಬಿ ಕಲ್ಲನ್ನು ಸಂಜೆಯ ಬಿಸಿಲಿನಲ್ಲಿ ನೋಡಿ. ಫೆಲ್ಸ್‌ಪಾರ್ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹುಸೇನ್ ಸಾಗರದ ಬುದ್ಧ ಭೋನಗಿರಿ ಬಳಿಯ ರಾಯಗಿರಿಯ ಬಿಳಿ ಗ್ರಾನೈಟಿನ ಒಂದೇ ಬಂಡೆಯಿಂದ ಆದವನು, ಎತ್ತರ ಸುಮಾರು ೫೮ ಅಡಿ. ೧೯೯೦ರಲ್ಲಿ ಸಾಗಿಸುವಾಗ ಕೆರೆಗೆ ಬಿದ್ದು, ಜನರನ್ನೂ ಬಲಿತೆಗೆದುಕೊಂಡು, ೧೯೯೨ರಲ್ಲಿ ಮೇಲೆದ್ದು ನಿಂತ. ಅಷ್ಟು ದಿನ ನೀರಿನಲ್ಲಿದ್ದರೂ ಕಲ್ಲಿಗೆ ಏನೂ ಆಗಲಿಲ್ಲ. ನಮ್ಮ ರಾಯಚೂರಿನ ಕೋಟೆಗೋಡೆಯಲ್ಲಿ ೧೨೯೪ರ ಶಾಸನವಿರುವ, ಸುಮಾರು ೪೧ ಅಡಿ ಉದ್ದದ ಒಂಟಿಕಲ್ಲನ್ನೂ ಇದೇ ಸಾಲಿನಲ್ಲಿ ನೆನೆಯಬೇಕು.

ಈ ಬಂಡೆಗಳು ಉಳಿದಿರುವಷ್ಟು ದಿನ ನೋಡಿಕೊಳ್ಳಬೇಕು. ನಾನು ಹುಡುಗನಾಗಿದ್ದಾಗ ಬಂಜಾರಾ ಹಿಲ್ಸಿನಲ್ಲಿ ಬಂಡೆಗಳ ನಡುವೆ ಮನೆಗಳಿದ್ದವು. ಈಗ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಬಂಡೆ. ೧೯೯೬ರಲ್ಲಿ ಇವುಗಳನ್ನು ಉಳಿಸಲೆಂದೇ ಒಂದು ಸಂಘ ಹುಟ್ಟಿತು. ಕೆಲವು ಬಂಡೆಗಳು ಪಾರಂಪರಿಕ ಪಟ್ಟಿಗೂ ಸೇರಿದವು. ಹೈದರಾಬಾದ್ ವಿಶ್ವವಿದ್ಯಾನಿಲಯದ ಆವರಣದ ಅಣಬೆ ಬಂಡೆ ಅವುಗಳಲ್ಲೊಂದು. ಸಿಡಿಮದ್ದಿನ ಸದ್ದು ಮಾತ್ರ ನಿಂತಿಲ್ಲ. ೨೫೦ ಕೋಟಿ ವರ್ಷದ್ದನ್ನು ಒಂದು ಮಧ್ಯಾಹ್ನದಲ್ಲಿ ಜಲ್ಲಿ ಮಾಡಿಬಿಡುತ್ತಾರೆ. ಆ ಜಲ್ಲಿಯೇ ನಾವು ಹೋಗಲಿರುವ ಫ್ಲ್ಯಾಟಿನ ಗೋಡೆಯಲ್ಲೂ ಇರುವುದರಿಂದ ನಾನು ಹೆಚ್ಚು ದೊಡ್ಡ ದನಿಯಲ್ಲಿ ಹೇಳಲಾರೆ.

ನಮ್ಮ ಒರಳಿನ ವಿಚಾರಕ್ಕೆ ಬರೋಣ. ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹಿತ್ತಿಲಿಗೆ ಹೋದೆ. ಹಿತ್ತಿಲಿನ ಮೂಲೆಯಲ್ಲೇ ಒಂದು ಬಂಡೆ ನೆಲದಿಂದ ತಲೆಯೆತ್ತಿದೆ; ಅದರಿಂದ ಹಿಂದೆ ಎಂದೋ ಎದ್ದ ಚೂರು ಹೋಲಿಕೆಗೆ ಸಿಕ್ಕಿತು. (ಕೋಟೆ, ಗೋರಿ, ಗುಡಿಗಳ ಕಲ್ಲಿಗೆ ಸುತ್ತಿಗೆ ಮುಟ್ಟಿಸಬಾರದು. ಮನೆ ಕಟ್ಟುವಲ್ಲಿ ಬಿದ್ದ ಚೂರು ಬೇಕಾದಷ್ಟು ಸಿಗುತ್ತವೆ. ಒಡೆಯುವುದಾದರೆ ಕಣ್ಣಿಗೆ ಕನ್ನಡಕವಿರಲಿ.) ಒರಳಿಗೆ ಎಪ್ಪತ್ತು ವರ್ಷದ ಜಿಡ್ಡು ಹತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿ ತೊಳೆದೆವು. ರುಬ್ಬಿ ರುಬ್ಬಿ ನುಣುಪಾಗಿದ್ದ ಕುಳಿಯ ಒಳಮೈಗೆ ನೀರು ತಾಗಿದೊಡನೆ ಕಲ್ಲು ಬಾಯಿಬಿಟ್ಟಿತು: ಗುಲಾಬಿ ಕಾಳು, ಬಿಳಿ ಕಾಳು, ನಡುವೆ ಬೂದು ಗಾಜು, ಅಲ್ಲಲ್ಲಿ ಕಾಗೆಬಂಗಾರ.

ಮೊಮ್ಮಗಳಿಗೆ ಒಂದು ಆಟ ಹೇಳಿಕೊಟ್ಟೆ. ಪಾರದರ್ಶಕ ಹಾಳೆಯ ಮೇಲೆ ಹತ್ತು ಸಾಲಿನಲ್ಲಿ ಹತ್ತು ಹತ್ತು ಚುಕ್ಕೆ ಇಟ್ಟು, ರಂಗೋಲಿಯಂತೆ, ನುಣುಪಾದ ಕಲ್ಲಿನ ಮೇಲೆ ಹಾಸಬೇಕು. ಪ್ರತಿ ಚುಕ್ಕೆಯ ಕೆಳಗೆ ಯಾವ ಖನಿಜವಿದೆಯೆಂದು ಎಣಿಸಬೇಕು. ಬೆಣಚೂ ಫೆಲ್ಸ್‌ಪಾರೂ ಸೇರಿದ ಮೊತ್ತದಲ್ಲಿ ಬೆಣಚು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಿದ್ದು, ಗುಲಾಬಿ ಫೆಲ್ಸ್‌ಪಾರೂ ಚೆನ್ನಾಗಿದ್ದರೆ ಗ್ರಾನೈಟ್ ಎನ್ನಲು ಅಡ್ಡಿಯಿಲ್ಲ. ವಿಜ್ಞಾನಿಗಳು ಸೂಕ್ಷ್ಮದರ್ಶಕದ ಕೆಳಗೆ ಮಾಡುವುದೂ ಇದನ್ನೇ, ಚುಕ್ಕೆಗಳು ಮಾತ್ರ ಹೆಚ್ಚು. ಬೆಣಚು ಇಪ್ಪತ್ತನ್ನು ಸುಖವಾಗಿ ದಾಟಿತು. ಅತ್ತಿಗೆಯವರು ಗೆದ್ದಂತಾಯಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ತಾಯಿಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

"ತಾತಾ, ಗುಂಡು ಬೇರೆ ಥರಾ ಇದೆ" ಎಂದಳು ಮೊಮ್ಮಗಳು. ನಾನು ಅಷ್ಟು ಹೊತ್ತೂ ಗುಂಡಿನ ಕಡೆ ಗಮನ ಕೊಟ್ಟಿರಲೇ ಇಲ್ಲ. ತೊಳೆದು ನೋಡಿದರೆ ಇಡೀ ಮೈ ಒಂದೇ ಸಮನೆ ಹಸುರುಗಪ್ಪು. ಭೂತಗನ್ನಡಿಯಲ್ಲೂ ಕಾಳು ಎಣಿಸಲಾಗದಷ್ಟು ಸಣ್ಣ ಕಣ. ಹಿಡಿಯುವ ತುದಿಯಲ್ಲಿ ಸಾಸಿವೆಯಷ್ಟು ದೊಡ್ಡ ಐದಾರು ಬಿಳಿ ಚುಕ್ಕೆಗಳು, ಗಾಳಿಗುಳ್ಳೆಯಲ್ಲಿ ಹರಳು ತುಂಬಿದ ಗುರುತು. ಬಲವಾದ ಒಂದು ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ತಂದರೆ ಅದು ಗುಂಡಿನ ಕಡೆಗೆ ವಾಲಿತು. ಒರಳಿನ ಬಳಿ ಸುಮ್ಮನೆ ತೂಗಾಡಿತು. ಆದರೂ ತೂಕವನ್ನು ನೋಡಿಯೇ ಬಿಡೋಣವೆಂದು ಗುಂಡನ್ನು ಹಗ್ಗದಲ್ಲಿ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ತೂಗಹಾಕಿದೆವು. ಗಾಳಿಯಲ್ಲಿ ೬ ಕಿಲೋ ೧೫೦ ಗ್ರಾಂ. ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿದಾಗ ೪ ಕಿಲೋ ೫೦ ಗ್ರಾಂ. ಕಡಿಮೆಯಾದ ೨ ಕಿಲೋ ೧೦೦ ಗ್ರಾಮಿನಿಂದ ಮೊದಲಿನದನ್ನು ಭಾಗಿಸಿದರೆ ೨.೯೩. ಹಿತ್ತಿಲಿನ ಬಂಡೆಯ ಚೂರು ೧ ಕಿಲೋ ೫೯೦ ಗ್ರಾಂ ಇದ್ದದ್ದು ನೀರಿನಲ್ಲಿ ೯೯೦ ಗ್ರಾಂ ಆಯಿತು, ಅಂದರೆ ೨.೬೫. ಗ್ರಾನೈಟಿಗೆ ಸರಿಯಾದ ಸಂಖ್ಯೆ ೨.೬೫, ಗುಂಡಿನದು ಬಸಾಲ್ಟಿನ ಸಂಖ್ಯೆ.

ಹಿತ್ತಿಲಿನ ನೆಲದಲ್ಲಿ ಇಂಥ ಕಲ್ಲು ಹುಟ್ಟುವುದಿಲ್ಲ. ಇಲ್ಲಿಯ ಡಾಲರೈಟ್ ಇರಬಹುದಲ್ಲ ಎಂದು ಮಗ ಕೇಳಿದ, ಒಳ್ಳೆಯ ಪ್ರಶ್ನೆಯೇ. ಡಾಲರೈಟ್ ಬಿರುಕಿನೊಳಗೆ ಒತ್ತಡದಲ್ಲಿ ಆರಿದ್ದು, ಅದರಲ್ಲಿ ಸಾಮಾನ್ಯವಾಗಿ ಗಾಳಿಗುಳ್ಳೆಗಳಿರುವುದಿಲ್ಲ. ಗುಳ್ಳೆ ಇರುವುದು ಬಯಲಿನಲ್ಲಿ ಹರಿದ ಲಾವಾದಲ್ಲಿ. ಅದು ಇಲ್ಲಿಂದ ಪಶ್ಚಿಮಕ್ಕೆ, ನಮ್ಮೂರ ಕಡೆಗೆ.

ಈ ತೀರ್ಪನ್ನು ತಾಯಿಗೆ ಹೇಳಲು ಹೋದೆ. ಒರಳು ಇಲ್ಲಿಯದು, ಗುಂಡು ಭಾಲ್ಕಿಯ ಕಡೆಯದು ಎಂದು ಆದಷ್ಟು ಮೆಲ್ಲಗೆ ತಿಳಿಸಿದೆ. ಅವರು ನನ್ನನ್ನು ಶಾಲೆಗೆ ತಡವಾಗಿ ಬಂದ ಹುಡುಗನನ್ನು ನೋಡುವಂತೆ ನೋಡಿದರು. "ಮತ್ತ? ಗುಂಡ ನಾ ತಂದದ್ದು. ಅಷ್ಟು ದೊಡ್ಡ ಒಳ್ಳ ರೈಲಿನಾಗ ಹ್ಯಾಂಗ ತರ್ಲಿಕ್ಕೆ ಬರ್ತದ?" ಎಂದರು. 'ಇದು ನಮ್ಮ ತವರಿನ ಕಲ್ಲು' ಎಂದು ಎಂಟು ದಿನ ಹೇಳುವಾಗಲೂ ಅವರ ಕೈ ಗುಂಡಿನ ಮೇಲೆಯೇ ಇತ್ತೆಂಬುದು ನಮಗೆ ಆಗ ನೆನಪಾಯಿತು.

ಗುಂಡು ಒಂದೇ ಹೋಗಿ ಮಾಡುವುದೇನೆಂದು ಮಗನೇ ಮರುವಾರ ಇಬ್ಬರು ಆಳುಗಳನ್ನು ಕರೆತಂದ. ಒರಳು ಲಿಫ್ಟಿನಲ್ಲಿ ಹಿಡಿಯಿತು. ಈಗ ಬಾಲ್ಕನಿಯ ಮೂಲೆಯಲ್ಲಿದೆ. ಹಬ್ಬದ ದಿನ ಚಟ್ನಿಗೆ ಮಾತ್ರ ಇಳಿಯುತ್ತೇವೆ.